ದಾವಣಗೆರೆ–ಚಿತ್ರದುರ್ಗದಿಂದ ಇಬ್ಬರೇ ಹೊರಡುವ ಸಹಾಯಾರ್ಥ ಸೈಕಲ್ ಯಾತ್ರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಆಸ್ಪತ್ರೆಗೋ ಶಾಲೆಗೋ ಅನಾಥಾಲಯಕ್ಕೋ ಹಣ ಕೂಡಿಸುವ ಉದ್ದೇಶದಿಂದ, ಇಬ್ಬರೇ ಕೂಡಿ ಹಲವು ದಿನಗಳ ಸೈಕಲ್ ಯಾತ್ರೆ ಹೊರಡಬೇಕೆಂದಿರುವ ನಮ್ಮ ಎರಡು ಜಿಲ್ಲೆಗಳ ಸವಾರರಿಗಾಗಿ ಈ ಪ್ರಶ್ನೋತ್ತರವನ್ನು ಸಿದ್ಧಪಡಿಸಲಾಗಿದೆ. ಯಾವ ಸೈಕಲ್ ಕೊಳ್ಳಬೇಕೆಂದು ಕೇಳುವವರು ಹೆಚ್ಚು. ಜೊತೆಗಾರರ ಬಗ್ಗೆ, ಹಣದ ಲೆಕ್ಕದ ಬಗ್ಗೆ ಕೇಳುವವರು ಕಡಿಮೆ. ಯಾತ್ರೆಗಳು ಕೆಡುವುದು ಮಾತ್ರ ಬಹುಪಾಲು ಈ ಎರಡರಿಂದಲೇ ಆದ್ದರಿಂದ ಉತ್ತರಗಳೂ ಆ ಕಡೆಗೇ ವಾಲಿವೆ.

ಪ್ರಶ್ನೆ: ಇಬ್ಬರೇ ಏಕೆ? ಒಬ್ಬರೇ ಹೋಗಬಾರದೇ, ಅಥವಾ ಹತ್ತಾರು ಜನ ಸೇರಿ ಹೋಗಬಾರದೇ?

ಹತ್ತಾರು ಜನ ಹೊರಟರೆ ಅದು ಜಾಥಾ ಆಗುತ್ತದೆ. ಪೊಲೀಸರಿಗೆ ತಿಳಿಸಬೇಕು, ಹಿಂದೊಂದು ವಾಹನ ಬೇಕು, ಊಟ ವಸತಿಗೆ ಮೊದಲೇ ಕಲ್ಯಾಣ ಮಂಟಪವೋ ಸಮುದಾಯ ಭವನವೋ ಗೊತ್ತು ಮಾಡಬೇಕು. ಕೂಡಿದ ದೇಣಿಗೆಗಿಂತ ವ್ಯವಸ್ಥೆಯ ಖರ್ಚೇ ಹೆಚ್ಚಾದ ಉದಾಹರಣೆಗಳಿಗೆ ಕೊರತೆಯಿಲ್ಲ. ಒಬ್ಬರೇ ಹೋದರೆ ಖರ್ಚು ಕಡಿಮೆ, ಆದರೆ ಹೆದ್ದಾರಿಯ ಪಕ್ಕದಲ್ಲಿ ಕುಳಿತು ಪಂಕ್ಚರ್ ಹಾಕುವಾಗ ಹಿಂದಿನಿಂದ ಬರುವ ಲಾರಿಯನ್ನು ನೋಡುವವರಿರುವುದಿಲ್ಲ. ದಾರಿಯಲ್ಲಿ ಯಾರಾದರೂ ಕೈಗೆ ಹಣ ಕೊಟ್ಟರೆ ಅದಕ್ಕೆ ಇನ್ನೊಬ್ಬರ ಸಾಕ್ಷಿಯೂ ಇರುವುದಿಲ್ಲ. ಒಬ್ಬರು ರಿಪೇರಿ ಮಾಡುವಾಗ ಇನ್ನೊಬ್ಬರು ರಸ್ತೆ ನೋಡುವುದು, ಒಬ್ಬರು ಬರೆದ ಲೆಕ್ಕಕ್ಕೆ ಇನ್ನೊಬ್ಬರು ಸಹಿ ಹಾಕುವುದು, ಇವೆರಡೂ ಇಬ್ಬರಿದ್ದರೆ ಸಾಧ್ಯ, ಮತ್ತು ಇಷ್ಟಕ್ಕೆ ಇಬ್ಬರು ಸಾಕು.

ಪ್ರಶ್ನೆ: ಜೊತೆಗಾರರನ್ನು ಹೇಗೆ ಆರಿಸಿಕೊಳ್ಳಬೇಕು?

ಸ್ನೇಹ ಒಂದೇ ಸಾಲದು. ಇಪ್ಪತ್ತು ವರ್ಷದ ಗೆಳೆಯರು ಎರಡನೆಯ ದಿನದ ಮಧ್ಯಾಹ್ನ, ಬಿಸಿಲು ನೆತ್ತಿಗೇರಿದಾಗ, ಎಲ್ಲಿ ಊಟ ಮಾಡಬೇಕೆಂಬ ಮಾತಿಗೇ ಮುಖ ತಿರುಗಿಸಿಕೊಂಡು ಕೂರಬಹುದು. ಹಾಗಾಗಿ ಹೊರಡುವ ಮೊದಲು ಆ ವ್ಯಕ್ತಿಯ ಜೊತೆ ಒಂದರ ಹಿಂದೊಂದು ಎರಡು ದಿನ, ದಿನಕ್ಕೆ 60ರಿಂದ 80 ಕಿಲೋಮೀಟರ್ ಸವಾರಿ ಮಾಡಿ, ನಡುವಿನ ರಾತ್ರಿ ಮನೆಗೆ ಬಾರದೆ ಹೊರಗೆ ಉಳಿದು ನೋಡಬೇಕು. ಬೆಳಿಗ್ಗೆ ಐದಕ್ಕೆ ಹೊರಡೋಣವೆಂದರೆ ಐದಕ್ಕೆ ಸಿದ್ಧರಿರುತ್ತಾರೆಯೇ, ದಣಿದಾಗ ದಣಿದಿದ್ದೇನೆಂದು ಹೇಳುತ್ತಾರೆಯೇ ಅಥವಾ ಹಲ್ಲು ಕಚ್ಚಿಕೊಂಡು ಸುಮ್ಮನಿರುತ್ತಾರೆಯೇ ಎಂಬುದು ಆಗ ತಿಳಿಯುತ್ತದೆ. ಹಲ್ಲು ಕಚ್ಚುವವರು ನೋಡಲು ಗಟ್ಟಿಗರೆನಿಸಿದರೂ ದೂರದ ದಾರಿಗೆ ಅವರೇ ಅಪಾಯಕಾರಿ, ಏಕೆಂದರೆ ಅವರು ನಿಲ್ಲುವುದು ಬಿದ್ದ ಮೇಲೆಯೇ.

ಹೊರಡುವ ಮೊದಲೇ ಮಾತಾಡಿ ಒಂದು ಹಾಳೆಯಲ್ಲಿ ಬರೆದುಕೊಳ್ಳಬೇಕಾದ ಸಂಗತಿಗಳೂ ಇವೆ. ಒಬ್ಬರಿಗೆ ಕಾಯಿಲೆ ಬಿದ್ದರೆ ಇನ್ನೊಬ್ಬರು ಮುಂದುವರಿಯಬೇಕೇ, ವಾಪಸಾಗಬೇಕೇ? ಕತ್ತಲಾದ ಮೇಲೆ ತುಳಿಯುವುದೇ ಇಲ್ಲವೇ? ಮುಂದೆ ಹೋಗುವುದು ಬೇಡವೆಂದು ಒಬ್ಬರು ಹೇಳಿದರೆ ಅದೇ ಕೊನೆಯ ಮಾತೇ? ನಮ್ಮ ಅಭಿಪ್ರಾಯದಲ್ಲಿ ಕೊನೆಯ ಪ್ರಶ್ನೆಗೆ ಒಂದೇ ಉತ್ತರ: ಬೇಡ ಎಂದವರ ಮಾತೇ ಕೊನೆಯದು, ಅಲ್ಲಿ ವಾದವಿಲ್ಲ. ಲಾಡ್ಜಿನಲ್ಲಿ ಒಂದೇ ಕೋಣೆ ಹಂಚಿಕೊಳ್ಳುವುದಾದರೆ ಗೊರಕೆಯ ವಿಷಯವನ್ನೂ ಸಂಕೋಚವಿಲ್ಲದೆ ಮೊದಲೇ ಹೇಳಿಬಿಡುವುದು ಒಳ್ಳೆಯದು.

ಪ್ರಶ್ನೆ: ನಮ್ಮಿಬ್ಬರ ವೇಗ ಬೇರೆ ಬೇರೆ. ಏನು ಮಾಡುವುದು?

ನಿಧಾನದವರ ವೇಗವೇ ಯಾತ್ರೆಯ ವೇಗ. ಯೋಜನೆಯನ್ನು ಅದರ ಮೇಲೆ ಕಟ್ಟಿದರೆ ಜಗಳವಿಲ್ಲ. ವೇಗದವರ ಲೆಕ್ಕದಲ್ಲಿ ಕಟ್ಟಿದರೆ ನಿಧಾನದವರು ದಿನವಿಡೀ ತಾವು ಹೊರೆಯಾದೆವೆಂಬ ಅಳುಕಿನಲ್ಲೇ ತುಳಿಯುತ್ತಾರೆ. ಎದುರುಗಾಳಿಯಿಲ್ಲದ ಸಮತಟ್ಟಿನಲ್ಲಿ ನಿಧಾನದವರನ್ನು ಮುಂದೆ ಬಿಡಿ, ಆಗ ಅಂತರ ತಾನಾಗಿ ಬೆಳೆಯುವುದಿಲ್ಲ. ಎದುರುಗಾಳಿ ಇದ್ದಾಗ ಶಕ್ತಿಯಿರುವವರು ಮುಂದೆ ಹೋಗಿ ಗಾಳಿ ತಡೆಯಲಿ, ಹಿಂದಿನವರ ಶ್ರಮ ಸಾಕಷ್ಟು ಉಳಿಯುತ್ತದೆ. ಆದರೆ ಹಿಂದಿನವರ ಮುಂಗಾಲಿ ಮುಂದಿನವರ ಹಿಂಗಾಲಿಯ ಪಕ್ಕಕ್ಕೆ ಸರಿದು ಕೂರಬಾರದು. ಮುಂದಿನವರು ಒಂದು ಗುಂಡಿ ತಪ್ಪಿಸಲು ಸ್ವಲ್ಪ ಹೊರಳಿದರೂ ಎರಡು ಗಾಲಿಗಳು ತಾಗಿ, ಬೀಳುವುದು ಯಾವಾಗಲೂ ಹಿಂದಿನವರೇ.

ಬೇರೆಯಾಗಿ ತುಳಿಯಲೇಬೇಕಾದರೆ ‘ಮುಂದೆ ಎಲ್ಲಾದರೂ ನಿಂತಿರುತ್ತೇನೆ’ ಎಂಬ ಮಾತು ಬೇಡ. ಆನಗೋಡಿನ ಬಸ್ ನಿಲ್ದಾಣ, ಭರಮಸಾಗರದ ಸರ್ಕಲ್, ಸಿಬಾರದಲ್ಲಿರುವ ಎಸ್. ನಿಜಲಿಂಗಪ್ಪನವರ ಸ್ಮಾರಕ, ಹೀಗೆ ಜಾಗದ ಹೆಸರನ್ನೇ ಹೇಳಿ. ಲಾರಿಗಳ ಸದ್ದಿನಲ್ಲಿ, ಬ್ಯಾಗಿನೊಳಗಿನ ಫೋನು ಕೇಳಿಸುತ್ತದೆಂದು ನಂಬಬೇಡಿ.

ಪ್ರಶ್ನೆ: ದಿನಕ್ಕೆ ಎಷ್ಟು ಕಿಲೋಮೀಟರ್?

ಅಭ್ಯಾಸವಿರುವ, ಆದರೆ ಸ್ಪರ್ಧಿಗಳಲ್ಲದ ಇಬ್ಬರಿಗೆ ಸಾಮಾನಿನ ಸಮೇತ 80ರಿಂದ 100 ಕಿಲೋಮೀಟರ್ ಸಾಕು. ದೂರದ ಸವಾರರ ಬ್ರೆವೆ ಎಂಬ ಪದ್ಧತಿಯಲ್ಲಿ 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 300ಕ್ಕೆ 20 ಗಂಟೆ, 600ಕ್ಕೆ 40 ಗಂಟೆ ಕಾಲಮಿತಿಯಿದೆ. ಅಂದರೆ ಊಟ, ವಿಶ್ರಾಂತಿ, ಪಂಕ್ಚರ್ ಎಲ್ಲ ಸೇರಿ ಗಂಟೆಗೆ ಸುಮಾರು 15 ಕಿಲೋಮೀಟರ್. ಪಳಗಿದವರೇ ಸಾಮಾನಿಲ್ಲದೆ ಆ ಲೆಕ್ಕದಲ್ಲಿ ಹೋಗುವಾಗ, ದಾರಿಯಲ್ಲಿ ಶಾಲೆಯೊಂದಕ್ಕೆ ಹೋಗಿ ಮಾತಾಡಬೇಕಾದ ನೀವು ಗಂಟೆಗೆ ಹತ್ತು ಹನ್ನೆರಡು ಎಂದಿಟ್ಟುಕೊಂಡರೆ ಸಂಜೆಯ ಹೊತ್ತಿಗೆ ಪರದಾಡುವುದು ತಪ್ಪುತ್ತದೆ.

ಪ್ರಶ್ನೆ: ಯಾವ ದಾರಿ? ಎಲ್ಲರೂ ಬೆಂಗಳೂರಿಗೇ ಹೋಗುತ್ತಾರಲ್ಲ?

ಹೋಗುತ್ತಾರೆ. ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಂಥ ದೊಡ್ಡ ಸಂಸ್ಥೆಗಳು ಅಲ್ಲಿರುವುದು ಒಂದು ಕಾರಣ, ವಿಧಾನಸೌಧದ ಮುಂದೆ ಫೋಟೊ ತೆಗೆಸಿಕೊಳ್ಳುವ ಆಸೆ ಇನ್ನೊಂದು. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ದಾವಣಗೆರೆಯಿಂದ ಬೆಂಗಳೂರಿಗೆ ಸುಮಾರು 260 ಕಿಲೋಮೀಟರ್. ದಾವಣಗೆರೆಯಿಂದ ಚಿತ್ರದುರ್ಗಕ್ಕೆ 60, ಅಲ್ಲಿಂದ ಐಮಂಗಲದ ಮೇಲೆ ಹಿರಿಯೂರಿಗೆ 40; ಮೊದಲ ದಿನ ಅಲ್ಲಿಗೆ ನಿಲ್ಲಿಸಬಹುದು. ಎರಡನೆಯ ದಿನ ಆದಿವಾಲ, ಜವನಗೊಂಡನಹಳ್ಳಿ, ಶಿರಾ, ಕಳ್ಳಂಬೆಳ್ಳ, ಸೀಬಿ ದಾಟಿ ತುಮಕೂರಿಗೆ ಸುಮಾರು 90. ಮೂರನೆಯ ದಿನ ಉಳಿದ 70. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದ್ದರೆ ಚಿತ್ರದುರ್ಗ 730ರ ಆಸುಪಾಸಿನಲ್ಲಿದೆ. ಹಿರಿಯೂರಿಗೆ ವೇದಾವತಿಯ ಬಯಲಿಗಿಳಿದು, ಶಿರಾ ದಾಟಿದ ಮೇಲೆ ಮತ್ತೆ ಏರುತ್ತ ಬೆಂಗಳೂರು ಮುಟ್ಟುವಾಗ 900 ಮೀಟರ್ ದಾಟಿರುತ್ತೀರಿ. ಅಂದರೆ ಈ ದಾರಿ ಒಟ್ಟಾರೆ ಏರುದಾರಿಯೇ, ಕಾರಿನಲ್ಲಿ ಹೋಗುವವರಿಗೆ ಅದು ಗೊತ್ತಾಗುವುದಿಲ್ಲ ಅಷ್ಟೆ.

ನೆಲಮಂಗಲದಿಂದ ಮುಂದಿನ ದಟ್ಟಣೆಯಲ್ಲಿ ಸೈಕಲ್ ಸವಾರಿ ಸುಖಕರವಲ್ಲ, ಸುರಕ್ಷಿತವೂ ಅಲ್ಲ. ಅದಕ್ಕಿಂತ ದೊಡ್ಡ ಆಕ್ಷೇಪವೆಂದರೆ, ಮೂರು ದಿನ ಬಹುಪಥದ ಹೆದ್ದಾರಿಯ ಅಂಚಿನಲ್ಲಿ ತುಳಿದವರನ್ನು ದಾರಿಯ ಊರುಗಳ ಜನ ನೋಡುವುದೇ ಇಲ್ಲ. ಊರೆಲ್ಲ ಬೈಪಾಸಿನ ಆಚೆಗಿರುತ್ತದೆ. ಉದ್ದೇಶ ಈ ಜಿಲ್ಲೆಗಳದ್ದೇ ಆಗಿದ್ದರೆ, ಅಂದರೆ ಇಲ್ಲಿನ ಸರ್ಕಾರಿ ಶಾಲೆ, ಇಲ್ಲಿನ ಆಸ್ಪತ್ರೆ, ಇಲ್ಲಿನ ವೃದ್ಧಾಶ್ರಮಕ್ಕಾದರೆ, ದಾವಣಗೆರೆಯಿಂದ ಸೂಳೆಕೆರೆ ಎನ್ನುವ ಶಾಂತಿಸಾಗರದ ಏರಿಯ ಮೇಲೆ ಚನ್ನಗಿರಿಗೆ, ಅಲ್ಲಿಂದ ಹೊಳಲ್ಕೆರೆ, ಹೊಸದುರ್ಗ, ವಾಣಿವಿಲಾಸ ಸಾಗರ, ಹಿರಿಯೂರು, ಚಿತ್ರದುರ್ಗ ಸುತ್ತಿ ಮರಳಿ ದಾವಣಗೆರೆಗೆ ಬರುವ ದಾರಿಯನ್ನು ನಾವು ಶಿಫಾರಸು ಮಾಡುತ್ತೇವೆ. ಒಟ್ಟು ದೂರ ಬೆಂಗಳೂರಿನ ಹಾದಿಗೆ ಹೆಚ್ಚು ಕಡಿಮೆ ಸಮವೇ. ಭದ್ರಾ ನಾಲೆಯ ಗದ್ದೆ, ಅಡಿಕೆ ತೋಟ, ಮುಂದೆ ಬರಡು ಗುಡ್ಡ, ಆಮೇಲೆ ತೆಂಗು, ಹೀಗೆ ನೆಲ ಬದಲಾಗುತ್ತ ಹೋಗುತ್ತದೆ. 1907ರಲ್ಲಿ ಕಟ್ಟಿ ಮುಗಿಸಿದ, 1933ರ ಬಳಿಕ 2022ರಲ್ಲಿ ಮತ್ತೆ ಕೋಡಿ ಬಿದ್ದ ಮಾರಿಕಣಿವೆ, ಅಂದರೆ ಅದೇ ವಾಣಿವಿಲಾಸ ಸಾಗರದ ಅಣೆಕಟ್ಟೆಯೂ ದಾರಿಯಲ್ಲೇ ಸಿಗುತ್ತದೆ. ಮುಖ್ಯವಾಗಿ, ಪ್ರತಿ ಊರಿನಲ್ಲೂ ಚಹಾ ಅಂಗಡಿಯ ಮುಂದೆ ಸೈಕಲ್ ನಿಲ್ಲಿಸಿದರೆ ‘ಎಲ್ಲಿಂದ ಬಂದ್ರಿ, ಯಾಕ್ ಹೊಂಟೀರಿ’ ಎಂದು ಕೇಳುವವರು ಇರುತ್ತಾರೆ, ಉದ್ದೇಶವನ್ನು ಜನರಿಗೆ ತಿಳಿಸಲು ಅದಕ್ಕಿಂತ ಒಳ್ಳೆಯ ಅವಕಾಶವಿಲ್ಲ.

ಪ್ರಶ್ನೆ: ಯಾವ ತಿಂಗಳು ಹೊರಡಬೇಕು?

ನವೆಂಬರ್‌ನಿಂದ ಫೆಬ್ರುವರಿಯ ಮಧ್ಯದವರೆಗೆ. ಮಾರ್ಚ್ ಬಂತೆಂದರೆ ಚಳ್ಳಕೆರೆ, ಹಿರಿಯೂರು ಕಡೆಯ ಬಿಸಿಲಿನಲ್ಲಿ ಹತ್ತು ಗಂಟೆಯ ಮೇಲೆ ತುಳಿಯುವುದು ಹಟವೇ ಹೊರತು ಸೇವೆಯಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಚಿತ್ರದುರ್ಗದ ಬೆಟ್ಟಸಾಲಿನ ಮೇಲೆ ಪಶ್ಚಿಮದ ಗಾಳಿ ಎಷ್ಟು ಜೋರೆಂಬುದನ್ನು ಅಲ್ಲಿನ ಗಾಳಿಯಂತ್ರಗಳೇ ಹೇಳುತ್ತವೆ. ಆ ದಿನಗಳಲ್ಲಿ ಪೂರ್ವಕ್ಕೆ ಹೋಗುವವರನ್ನು ಗಾಳಿಯೇ ತಳ್ಳುತ್ತದೆ, ವಾಪಸು ಬರುವಾಗ ಸಾಲ ತೀರಿಸಿಕೊಳ್ಳುತ್ತದೆ. ಚಳಿಗಾಲದಲ್ಲಿ ಗಾಳಿ ಪೂರ್ವದಿಂದ ಬೀಸುವುದರಿಂದ ಬೆಂಗಳೂರಿನ ದಿಕ್ಕಿಗೆ ಹೋಗುವವರಿಗೆ ಅದು ಎದುರು, ಆದರೆ ಅಷ್ಟು ರಭಸವಿರುವುದಿಲ್ಲ.

ಚಳಿಗಾಲಕ್ಕೆ ಸೇರಿದ ಒಂದು ತೊಂದರೆಯನ್ನು ಹೊರಗಿನವರು ಊಹಿಸುವುದಿಲ್ಲ, ಅದು ರಸ್ತೆಯ ಮೇಲಿನ ಒಕ್ಕಣೆ. ಮೆಕ್ಕೆಜೋಳ ಒಣಗಿಸುವುದು, ರಾಗಿ ಹುರುಳಿ ಹರಡಿ ವಾಹನಗಳಿಂದ ತುಳಿಸುವುದು ಒಳರಸ್ತೆಗಳಲ್ಲಿ ಜನವರಿಯವರೆಗೂ ನಡೆದಿರುತ್ತದೆ. ಹುರುಳಿಯ ಹೊಟ್ಟಿನ ಮೇಲೆ ಬ್ರೇಕ್ ಹಿಡಿದರೆ ಸೈಕಲ್ ಜಾರುತ್ತದೆ, ಬಳ್ಳಿ ಚೈನಿಗೂ ಫ್ರೀವೀಲಿಗೂ ಸುತ್ತಿಕೊಳ್ಳುತ್ತದೆ. ಇಳಿದು ತಳ್ಳಿಕೊಂಡು ದಾಟಿ.

ಪ್ರಶ್ನೆ: ಗೇರ್ ಇಲ್ಲದ ಸೈಕಲ್ಲಿನಲ್ಲಿ ಹೋಗಬಹುದೇ?

ಹೋಗಬಹುದು. ದಿನದ ದೂರವನ್ನು ಮೂರನೆಯ ಒಂದು ಭಾಗ ಕಡಿಮೆ ಮಾಡಿಕೊಳ್ಳಿ, ದಿಣ್ಣೆಯಲ್ಲಿ ಇಳಿದು ತಳ್ಳಲು ನಾಚಬೇಡಿ. ಗಿರಣಿಗಳ ಕಾಲದ ದಾವಣಗೆರೆ ಅಂಥ ಸೈಕಲ್ಲುಗಳ ಮೇಲೆಯೇ ಕೆಲಸಕ್ಕೆ ಹೋಗುತ್ತಿತ್ತು. ಆದರೆ ಇಬ್ಬರಲ್ಲಿ ಒಬ್ಬರಿಗೆ ಗೇರ್ ಇದ್ದು ಇನ್ನೊಬ್ಬರಿಗೆ ಇಲ್ಲದಿರುವುದು ಬೇಡ.

ಪ್ರಶ್ನೆ: ಪಂಕ್ಚರ್ ಆದರೆ?

‘ಆದರೆ’ ಎನ್ನುವ ಮಾತಿಲ್ಲ, ಆಗಿಯೇ ಆಗುತ್ತದೆ. ಚಿತ್ರದುರ್ಗ, ಚಳ್ಳಕೆರೆ, ಹಿರಿಯೂರು ಸೀಮೆಯ ರಸ್ತೆಯ ಅಂಚಿನಲ್ಲೆಲ್ಲ ಬಳ್ಳಾರಿ ಜಾಲಿ ಬೆಳೆದಿದೆ. ಮಳೆಗಾಲ ಮುಗಿದ ಮೇಲೆ ನೆಗ್ಗಿಲು ಮುಳ್ಳೂ ಸೇರಿಕೊಳ್ಳುತ್ತದೆ. ಲಾರಿ ಬಂತೆಂದು ಡಾಂಬರಿನಿಂದ ಮಣ್ಣಿಗಿಳಿದು ಮತ್ತೆ ಹತ್ತುವಷ್ಟರಲ್ಲಿ ಮುಳ್ಳು ಚುಚ್ಚಿರುತ್ತದೆ.

ದಾರಿಯಲ್ಲಿ ಟ್ಯೂಬಿಗೆ ತೇಪೆ ಹಾಕುತ್ತ ಕೂರುವುದಕ್ಕಿಂತ ಹೊಸ ಟ್ಯೂಬ್ ಹಾಕಿ, ಹಳೆಯದಕ್ಕೆ ರಾತ್ರಿ ಲಾಡ್ಜಿನಲ್ಲಿ ಬಕೆಟ್ ನೀರು ಹಿಡಿದು ತೇಪೆ ಹಾಕುವುದು ಮೇಲು. ಹೊಸ ಟ್ಯೂಬ್ ಹಾಕುವ ಮೊದಲು ಮಾಡಲೇಬೇಕಾದ ಕೆಲಸವೊಂದಿದೆ. ಜಾಲಿ ಮುಳ್ಳಿನ ತುದಿ ಟಯರಿನ ರಬ್ಬರಿನಲ್ಲೇ ಮುರಿದು ಉಳಿದಿರುತ್ತದೆ. ಹೊರಗಿನಿಂದ ನೋಡಿದರೆ ಒಂದು ಕಪ್ಪು ಚುಕ್ಕೆಯಷ್ಟೇ ಕಾಣುತ್ತದೆ, ಕೆಲವೊಮ್ಮೆ ಅದೂ ಕಾಣುವುದಿಲ್ಲ. ಒಂದು ಹತ್ತಿಬಟ್ಟೆಯ ಚೂರನ್ನು ಟಯರಿನ ಒಳಮೈಗೆ ಒತ್ತಿ ಸುತ್ತಲೂ ನಿಧಾನವಾಗಿ ಎಳೆಯುತ್ತ ಬನ್ನಿ, ಮುಳ್ಳಿರುವಲ್ಲಿ ಎಳೆ ಸಿಕ್ಕಿಕೊಳ್ಳುತ್ತದೆ. ಬರಿ ಬೆರಳಾಡಿಸಿದರೆ ಮುಳ್ಳು ಸಿಗುತ್ತದೆ, ಬೆರಳಿನಲ್ಲಿ. ಅದನ್ನು ಒಳಗಿನಿಂದ ಹೊರಕ್ಕೆ ತಳ್ಳಿ, ಉಗುರು ಕತ್ತರಿಯಿಂದಲೋ ಸಣ್ಣ ಚಿಮಟದಿಂದಲೋ ಹಿಡಿದು ಕಿತ್ತು, ಇನ್ನೊಮ್ಮೆ ಬಟ್ಟೆ ಎಳೆದು ನೋಡಿದ ಮೇಲೆಯೇ ಹೊಸ ಟ್ಯೂಬ್ ಕೂರಿಸಬೇಕು. ಇಲ್ಲವಾದರೆ ಅರ್ಧ ಕಿಲೋಮೀಟರ್ ಹೋಗುವಷ್ಟರಲ್ಲಿ ಅದೂ ಕೂತುಬಿಡುತ್ತದೆ.

ತಲಾ ಎರಡು ಟ್ಯೂಬ್, ಟಯರ್ ಬಿಚ್ಚುವ ಪ್ಲಾಸ್ಟಿಕ್ ಪಟ್ಟಿಗಳು, ತೇಪೆ, ಸೊಲ್ಯೂಶನ್, ಕೈಪಂಪು, ಚೈನಿನ ಒಂದು ಜೋಡುಕೊಂಡಿ ಇರಲಿ. ವಾಲ್ವಿನ ವಿಷಯವನ್ನು ಹೊರಡುವ ಮೊದಲೇ ನೋಡಿಕೊಳ್ಳಿ: ಹಳ್ಳಿಯ ಸೈಕಲ್ ಶಾಪಿನ ಪಂಪು ಹಳೆಯ ಕಾಲದ ಸೈಕಲ್ ವಾಲ್ವಿಗೆ ಸರಿಹೊಂದುತ್ತದೆ, ಪೆಟ್ರೋಲ್ ಬಂಕಿನ ಗಾಳಿಯಂತ್ರ ಬೈಕು ಕಾರುಗಳ ವಾಲ್ವಿಗೆ, ರೋಡ್ ಸೈಕಲ್ಲುಗಳ ತೆಳ್ಳನೆಯ ಪ್ರೆಸ್ಟಾ ವಾಲ್ವಿಗೆ ಇವು ಆಗುತ್ತವೆಂದು ನಂಬುವಂತಿಲ್ಲ. ಅದಕ್ಕೆ ಬೇಕಾದ ಹಿತ್ತಾಳೆಯ ಅಡಾಪ್ಟರ್ ಅಗ್ಗ, ಬೆರಳ ತುದಿಯಷ್ಟು ಚಿಕ್ಕದು, ಆದರೆ ಹೊಸದುರ್ಗದ ದಾರಿಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಸಾಧ್ಯವಿದ್ದರೆ ಇಬ್ಬರ ಸೈಕಲ್ಲಿಗೂ ಒಂದೇ ಅಳತೆಯ ಗಾಲಿ, ಒಂದೇ ಬಗೆಯ ವಾಲ್ವ್ ಇರಲಿ. ಹೊರುವ ಸಾಮಾನು ಅರ್ಧಕ್ಕಿಳಿಯುತ್ತದೆ.

ಪ್ರಶ್ನೆ: ಅಭ್ಯಾಸ ಹೇಗೆ?

ಎರಡು ಮೂರು ತಿಂಗಳು ಬೇಕು. ದಾವಣಗೆರೆಯವರಿಗೆ ಕೊಂಡಜ್ಜಿ ಕೆರೆಯವರೆಗಿನ ಬೆಳಗಿನ ಸವಾರಿ ಒಳ್ಳೆಯ ಆರಂಭ, ಸೂಳೆಕೆರೆಗೆ ಹೋಗಿಬರುವುದು ಮುಂದಿನ ಹೆಜ್ಜೆ. ನಾಲೆಯ ಬಯಲಿನಲ್ಲಿ ಎಷ್ಟು ತುಳಿದರೂ ಏರು ಅಭ್ಯಾಸವಾಗುವುದಿಲ್ಲ, ಅದಕ್ಕೆ ಚಿತ್ರದುರ್ಗದ ಕಡೆಗೇ ಬರಬೇಕು. ಜೋಗಿಮಟ್ಟಿಯ ಏರು ಹೆಸರಾದದ್ದು, ಆದರೆ ಅದು ಅರಣ್ಯ ಇಲಾಖೆಯ ಹಿಡಿತದಲ್ಲಿರುವ ವನ್ಯಧಾಮ. ಸಮಯ ಮತ್ತು ಅನುಮತಿಯನ್ನು ಕೇಳಿಕೊಂಡೇ ಹೋಗಬೇಕು. ಪೂರ್ತಿ ಸಾಮಾನು ಹೊತ್ತು ಒಮ್ಮೆಯಾದರೂ ತುಳಿಯಿರಿ. ಮೊಣಕಾಲಿನ ಮುಂಭಾಗ ನೋಯುತ್ತಿದ್ದರೆ ಹೆಚ್ಚಾಗಿ ಸೀಟು ತಗ್ಗಾಗಿರುತ್ತದೆ. ನಲವತ್ತು ದಾಟಿದವರು, ಬಿಪಿ ಸಕ್ಕರೆ ಕಾಯಿಲೆ ಇರುವವರು ವೈದ್ಯರನ್ನು ಕಂಡು ಬರುವುದು ಕಡ್ಡಾಯವೆಂದೇ ತಿಳಿಯಿರಿ.

ಪ್ರಶ್ನೆ: ದಾರಿಯಲ್ಲಿ ಊಟ, ನೀರು?

ಬೆಣ್ಣೆದೋಸೆಯನ್ನು ಯಾತ್ರೆ ಮುಗಿಸಿ ಬಂದ ಮೇಲೆ ತಿನ್ನಿ. ಹೊರಡುವ ಬೆಳಿಗ್ಗೆ ಬೀಳ್ಕೊಡಲು ಬಂದವರು ಪ್ರೀತಿಯಿಂದ ತಿನ್ನಿಸುವ ಎರಡು ಬೆಣ್ಣೆದೋಸೆ ಆನಗೋಡು ದಾಟುವಷ್ಟರಲ್ಲಿ ಎದೆಗೆ ಬಂದಿರುತ್ತದೆ. ಮಂಡಕ್ಕಿ ಮಿರ್ಚಿಯ ಮಾತಂತೂ ಬೇಡ. ಇಡ್ಲಿ, ಬಾಳೆಹಣ್ಣು, ಅವಲಕ್ಕಿ, ಮೊಸರನ್ನ, ಮಧ್ಯಾಹ್ನಕ್ಕೆ ಅಭ್ಯಾಸವಿದ್ದರೆ ಅರ್ಧ ಮುದ್ದೆ. ಜೇಬಿನಲ್ಲಿ ಶೇಂಗಾ ಚಿಕ್ಕಿ ಇರಲಿ. ಹಸಿವಾಗುವ ಮೊದಲೇ, ಮುಕ್ಕಾಲು ಗಂಟೆಗೊಮ್ಮೆ, ಸ್ವಲ್ಪ ಸ್ವಲ್ಪ ತಿನ್ನುವುದು ಕ್ರಮ.

ತಲಾ ಎರಡು ಲೀಟರ್ ನೀರು ಸೈಕಲ್ಲಿನ ಮೇಲಿರಬೇಕು. ಬರಿ ನೀರೇ ಕುಡಿಯುತ್ತಿದ್ದರೆ ಬೆವರಿನಲ್ಲಿ ಹೋದ ಉಪ್ಪು ತುಂಬುವುದಿಲ್ಲ. ಮೆಡಿಕಲ್ ಸ್ಟೋರಿನ ಓಆರ್‌ಎಸ್ ಪುಡಿ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿಕೊಳ್ಳಿ. ಹಿರಿಯೂರು ಸೀಮೆಯಲ್ಲಿ ಎಳನೀರಿಗೆ ಬರವಿಲ್ಲ. ಜೊತೆಗಾರರು ಮಾತು ನಿಲ್ಲಿಸಿದರೆ, ಬೆವರುವುದೇ ನಿಂತರೆ, ಸಣ್ಣ ಪ್ರಶ್ನೆಗೂ ತಡವರಿಸಿದರೆ ಅದು ಬಿಸಿಲಿನ ಹೊಡೆತ. ನೆರಳಿಗೆ ಕರೆದೊಯ್ದು ಮೈ ತೋಯಿಸಿ 108ಕ್ಕೆ ಕರೆ ಮಾಡಬೇಕು, ಮುಂದಿನ ಊರಿನವರೆಗೆ ತುಳಿಸಬಾರದು.

ಪ್ರಶ್ನೆ: ನಾಯಿಗಳು ಅಟ್ಟಿಸಿಕೊಂಡು ಬಂದರೆ?

ಓಡಬೇಡಿ. ಇಳಿದು, ಸೈಕಲ್ಲನ್ನು ನಡುವೆ ಅಡ್ಡ ಹಿಡಿದು ನಿಧಾನ ನಡೆಯಿರಿ. ಹೆಚ್ಚಿನವು ತಮ್ಮ ಸರಹದ್ದು ಮುಗಿದೊಡನೆ ಹಿಂದಿರುಗುತ್ತವೆ. ಕಚ್ಚಿದರೆ ಗಾಯವನ್ನು ಸೋಪು ಹಾಕಿ, ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಆರಂಭಿಸಬೇಕು. ಯಾತ್ರೆ ಮುಗಿಸಿ ನೋಡೋಣ ಎನ್ನುವ ವಿಷಯ ಇದಲ್ಲ.

ಪ್ರಶ್ನೆ: ಹಿಂದೆ ಒಂದು ಕಾರು ಬರುವುದು ಸುರಕ್ಷಿತವಲ್ಲವೇ?

ಹಳ್ಳಿ ರಸ್ತೆಯಲ್ಲಿ ಅನಗತ್ಯ, ಹೆದ್ದಾರಿಯಲ್ಲಿ ಅಪಾಯ. ನೂರರ ವೇಗದ ವಾಹನಗಳ ನಡುವೆ ಹದಿನೈದರ ವೇಗದಲ್ಲಿ ತೆವಳುವ ಕಾರೇ ಅಪಘಾತಕ್ಕೆ ಕಾರಣವಾಗಬಹುದು. ಅದರ ಡೀಸೆಲ್ ಹಣವನ್ನು ದೇಣಿಗೆಗೇ ಸೇರಿಸಿ. ನಿಮಗೆ ಬೇಕಾದದ್ದು ಹೆಲ್ಮೆಟ್, ಹಗಲಿನಲ್ಲೂ ಮಿನುಗುವ ಹಿಂದಿನ ಕೆಂಪು ದೀಪ, ಮಿಂಚುವ ಜಾಕೆಟ್, ಹ್ಯಾಂಡಲ್ಲಿಗೊಂದು ಕನ್ನಡಿ. ಹೆದ್ದಾರಿಯಲ್ಲಿ ಜೋಡಿಯಾಗಿ ಪಕ್ಕಪಕ್ಕ ತುಳಿಯಬಾರದು, ಮಾತೇನಿದ್ದರೂ ನಿಂತು ಆಡಿ. ರಸ್ತೆಯ ಪಕ್ಕದ ಅಂಚು ಸೇತುವೆ ಬಂದಲ್ಲಿ ಇದ್ದಕ್ಕಿದ್ದಂತೆ ಕಿರಿದಾಗುತ್ತದೆ, ಅಲ್ಲಿ ಮೊದಲೇ ಹಿಂದೆ ನೋಡಿಕೊಳ್ಳಬೇಕು. ಸರ್ವೀಸ್ ರಸ್ತೆ ಇರುವಲ್ಲಿ ಅದನ್ನೇ ಹಿಡಿಯಿರಿ. ಆದರೆ ಅಲ್ಲಿ ಟ್ರ್ಯಾಕ್ಟರು, ಬೈಕುಗಳು ಎದುರಿನಿಂದ ಬರುತ್ತವೆಂದೇ ಭಾವಿಸಿ ತುಳಿಯಿರಿ.

ಪ್ರಶ್ನೆ: ಅಪಘಾತವಾದರೆ? ವಿಮೆ ಬೇಕೇ?

ತುರ್ತಿಗೆ 112, ಆಂಬುಲೆನ್ಸಿಗೆ 108, ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033. ರಕ್ತದ ಗುಂಪು, ಔಷಧದ ಅಲರ್ಜಿ, ಮನೆಯವರ ಸಂಖ್ಯೆ ಬರೆದ ಚೀಟಿ ಇಬ್ಬರ ಜೇಬಿನಲ್ಲೂ ಇರಲಿ. ಜೊತೆಗಾರರ ಚೀಟಿಯ ಒಂದು ಪ್ರತಿ ನಿಮ್ಮಲ್ಲಿಯೂ ಇರಲಿ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ 18ರಿಂದ 70 ವರ್ಷದೊಳಗಿನವರಿಗೆ ವರ್ಷಕ್ಕೆ 20 ರೂಪಾಯಿಗೆ 2 ಲಕ್ಷದ ಅಪಘಾತ ವಿಮೆ ಬ್ಯಾಂಕ್ ಖಾತೆಯ ಮೂಲಕ ಸಿಗುತ್ತದೆ. ಅದು ಸಾವು ಮತ್ತು ಅಂಗವೈಕಲ್ಯಕ್ಕೆ ಮಾತ್ರ, ಆಸ್ಪತ್ರೆಯ ಖರ್ಚಿಗೆ ಬೇರೆ ಆರೋಗ್ಯ ವಿಮೆ ಬೇಕು.

ಪ್ರಶ್ನೆ: ದೇಣಿಗೆಯನ್ನು ನಮ್ಮ ಖಾತೆಗೆ ಹಾಕಿಸಿಕೊಂಡು ಕೊನೆಗೆ ಒಟ್ಟಿಗೆ ಕೊಟ್ಟರೆ ಆಗದೇ?

ಆಗಬಾರದು. ಬಂದ ಹಣ ನಿಮ್ಮ ಸಂಬಳ, ಮನೆ ಬಾಡಿಗೆ, ದಿನಸಿಯ ಹಣದ ಜೊತೆ ಬೆರೆತುಹೋದರೆ ಪೈಸೆ ಪೈಸೆಗೂ ಪ್ರಾಮಾಣಿಕರಾದವರು ಸಹ ಅದನ್ನು ಸಾಬೀತು ಮಾಡಲಾರರು. ದಾನಿಗಳ ಹೆಸರಿನಲ್ಲಿ ರಸೀದಿ ಸಿಗುವುದಿಲ್ಲ. ಒಟ್ಟು ಮೊತ್ತವನ್ನು ನೀವೇ ಸಂಸ್ಥೆಗೆ ಕಟ್ಟಿದರೆ ರಸೀದಿ ನಿಮ್ಮ ಹೆಸರಿಗೆ ಬರುತ್ತದೆ, ಅಂದರೆ ನೂರು ಜನರ ದಾನದ ತೆರಿಗೆ ವಿನಾಯಿತಿ ಒಬ್ಬರ ಪಾಲಾಗುತ್ತದೆ. ಸಂಸ್ಥೆಯ ಖಾತೆ ಸಂಖ್ಯೆಯನ್ನೂ ಅದರದೇ ಕ್ಯೂಆರ್ ಕೋಡನ್ನೂ ಕರಪತ್ರದಲ್ಲಿ ಅಚ್ಚು ಹಾಕಿಸಿ, ದಾನಿಗಳು ನೇರ ಅಲ್ಲಿಗೇ ಹಾಕಲಿ. ಈ ಯಾತ್ರೆಯ ದೇಣಿಗೆಯನ್ನು ಬೇರೆಯಾಗಿ ಗುರುತಿಸಲು ಹಣ ಹಾಕುವಾಗ ಬರೆಯಬೇಕಾದ ಒಂದು ಪದವನ್ನು ಸಂಸ್ಥೆಯವರ ಜೊತೆ ಮೊದಲೇ ಗೊತ್ತು ಮಾಡಿಕೊಳ್ಳಿ.

ಸಂಸ್ಥೆಯನ್ನು ಆರಿಸುವಾಗ ಅದು ನೋಂದಾಯಿತ ಟ್ರಸ್ಟೇ, ಅಥವಾ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾದ ಸಂಘವೇ, ಕಳೆದ ವರ್ಷದ ಲೆಕ್ಕಪತ್ರ ತೋರಿಸುತ್ತಾರೆಯೇ ಎಂದು ಕೇಳಿ. ಕೇಳಿದ್ದಕ್ಕೆ ಬೇಸರಿಸಿಕೊಳ್ಳುವ ಸಂಸ್ಥೆಗಾಗಿ ತುಳಿಯುವ ಅಗತ್ಯವಿಲ್ಲ. ಸರ್ಕಾರಿ ಶಾಲೆಗಾದರೆ ಅದರ ಅಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿ ಮತ್ತು ಮುಖ್ಯ ಶಿಕ್ಷಕರೊಂದಿಗೆ ಕುಳಿತು, ಏನು ಬೇಕೆಂಬುದನ್ನು ಅವರಿಂದಲೇ ಪಟ್ಟಿ ಮಾಡಿಸಿ.

ದಾರಿಯಲ್ಲಿ ಹಳ್ಳಿಯ ಹಿರಿಯರೊಬ್ಬರು ಐವತ್ತರ ನೋಟು ಚಾಚಿದರೆ ಕ್ಯೂಆರ್ ಕೋಡ್ ತೋರಿಸುವುದು ಒರಟುತನವಾಗುತ್ತದೆ. ಅದಕ್ಕಾಗಿ ಸಂಸ್ಥೆಯಿಂದಲೇ ಕ್ರಮಸಂಖ್ಯೆಯಿರುವ ರಸೀದಿ ಪುಸ್ತಕ ಪಡೆದುಕೊಂಡಿರಿ. ಒಬ್ಬರು ರಸೀದಿ ಬರೆಯಲಿ, ಇನ್ನೊಬ್ಬರು ಹಣ ಇಟ್ಟುಕೊಳ್ಳಲಿ, ರಾತ್ರಿ ಎರಡನ್ನೂ ತಾಳೆ ನೋಡಿ ಇಬ್ಬರೂ ಸಹಿ ಮಾಡಲಿ. ಬಸ್ ನಿಲ್ದಾಣದಲ್ಲಿ ಡಬ್ಬ ಹಿಡಿದು ನಿಲ್ಲುವುದು ಮಾತ್ರ ಬೇಡ.

ಪ್ರಶ್ನೆ: ನಮ್ಮ ಊಟ, ಲಾಡ್ಜಿನ ಖರ್ಚನ್ನು ದೇಣಿಗೆಯಿಂದ ತೆಗೆಯಬಹುದೇ?

ತೆಗೆಯಬಾರದೆಂಬುದು ನಮ್ಮ ದೃಢ ಅಭಿಪ್ರಾಯ. ಯಾತ್ರೆಯ ಖರ್ಚು ಬೇರೆ, ದೇಣಿಗೆ ಬೇರೆ. ಸ್ನೇಹಿತರು ಖರ್ಚಿಗೆಂದೇ ಕೊಟ್ಟರೆ ತೆಗೆದುಕೊಳ್ಳಿ, ಆದರೆ ಹಾಗೆಂದು ಬಹಿರಂಗವಾಗಿ ಹೇಳಿ. ಮಠಗಳ ದಾಸೋಹದಲ್ಲಿ ಊಟ, ಕೆಲವೆಡೆ ತಂಗಲು ಜಾಗ ಕೇಳಿದರೆ ಇಲ್ಲವೆನ್ನುವುದು ಅಪರೂಪ. ಇಬ್ಬರ ಸಾಮಾನ್ಯ ಖರ್ಚಿಗೆ ಒಂದು ಚೀಲ ಮಾಡಿ, ಅದಕ್ಕೆ ಸಮನಾಗಿ ಹಾಕಿ.

ಪ್ರಶ್ನೆ: ದಾನಿಗಳಿಗೆ ತೆರಿಗೆ ವಿನಾಯಿತಿ ಸಿಗುತ್ತದೆಯೇ?

80ಜಿ ಎಂದು ರೂಢಿಯಾಗಿರುವ, ಆದಾಯ ತೆರಿಗೆ ಇಲಾಖೆಯ ಮಾನ್ಯತೆ ಸಂಸ್ಥೆಗಿದ್ದರೆ ಸಿಗುತ್ತದೆ, ಹೆಚ್ಚಿನ ಸಂಸ್ಥೆಗಳಿಗೆ ಕೊಟ್ಟ ಮೊತ್ತದ ಅರ್ಧಕ್ಕೆ, ಮಿತಿಗೊಳಪಟ್ಟು. 2,000 ರೂಪಾಯಿಗೆ ಮೀರಿದ ನಗದಿಗೆ ಸಿಗುವುದಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೂ ಸಿಗುವುದಿಲ್ಲವಾದ್ದರಿಂದ ವಿನಾಯಿತಿಯನ್ನೇ ಮುಂದಿಟ್ಟು ದೇಣಿಗೆ ಕೇಳಬೇಡಿ.

ಪ್ರಶ್ನೆ: ಅಮೆರಿಕದಲ್ಲಿರುವ ನೆಂಟರು ಕಳಿಸುತ್ತೇವೆನ್ನುತ್ತಾರೆ?

ಭಾರತೀಯ ಪಾಸ್‌ಪೋರ್ಟ್ ಉಳಿಸಿಕೊಂಡವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆಯಾಗುವುದಿಲ್ಲ. ಅಲ್ಲಿನ ಪೌರತ್ವ ಪಡೆದವರದ್ದು ಆಗುತ್ತದೆ, ಅವರು ನಮ್ಮ ಸೋದರಮಾವನ ಮಗನೇ ಆಗಿದ್ದರೂ ಸರಿ. ಅಂಥ ಹಣವನ್ನು 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿಯಿರುವ ಸಂಸ್ಥೆ ಮಾತ್ರ, ಅದಕ್ಕೆಂದೇ ಇರುವ ಖಾತೆಯಲ್ಲಿ ಪಡೆಯಬಹುದು.

ಪ್ರಶ್ನೆ: ‘ಕಿಲೋಮೀಟರಿಗೆ ಇಷ್ಟು’ ಎಂದು ವಾಗ್ದಾನ ಪಡೆಯುವುದು ಹೇಗೆ?

ಒಳ್ಳೆಯ ಕ್ರಮ, ಆದರೆ ಯಾತ್ರೆ ಅರ್ಧಕ್ಕೆ ನಿಂತರೆ ಏನೆಂಬುದು ಮೊದಲೇ ಸ್ಪಷ್ಟವಿರಬೇಕು. ಹಣಕ್ಕಾಗಿ ಹೇಗಾದರೂ ಮುಗಿಸಲೇಬೇಕೆಂಬ ಒತ್ತಡ ಜ್ವರದಲ್ಲೂ ತುಳಿಸುತ್ತದೆ. ಹೊರಟರೆ ಸಾಕು ಪೂರ್ಣ ಮೊತ್ತ ಎಂದು ಒಪ್ಪುವ ದಾನಿಗಳೇ ಉತ್ತಮರು.

ಪ್ರಶ್ನೆ: ದಾರಿಯುದ್ದಕ್ಕೂ ಸನ್ಮಾನ ಇಟ್ಟುಕೊಂಡಿದ್ದಾರೆ, ಒಪ್ಪಿಕೊಳ್ಳಬಹುದೇ?

ದಿನಕ್ಕೆ ಒಂದು, ಅದೂ ಸಂಜೆ. ನಮ್ಮ ಕಡೆಯ ಸನ್ಮಾನವೆಂದರೆ ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಅತಿಥಿಗಳ ಮಾತು, ಅಧ್ಯಕ್ಷರ ಮಾತು, ಕೊನೆಗೆ ಶಾಲು ಹಾರ. ಅಷ್ಟರಲ್ಲಿ ಬೆಳಗಿನ ತಂಪು ಹೊತ್ತು ಕಳೆದಿರುತ್ತದೆ. ಹಾರ ಶಾಲಿನ ಹಣವನ್ನು ದೇಣಿಗೆಗೇ ಹಾಕಿರೆಂದು ಮೊದಲೇ ವಿನಯದಿಂದ ತಿಳಿಸಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಸನ್ಮಾನವೇನಿದ್ದರೂ ಇಬ್ಬರಿಗೂ ಸಮನಾಗಿರಲಿ. ಮಾತುಗಾರರೊಬ್ಬರೇ ಪತ್ರಿಕೆಯಲ್ಲಿ ಮಿಂಚಿ ಇನ್ನೊಬ್ಬರು ‘ಮತ್ತಿತರರು’ ಆಗಿಬಿಟ್ಟರೆ ಮರುದಿನದ ಸವಾರಿ ಮೌನವಾಗಿರುತ್ತದೆ.

ಪ್ರಶ್ನೆ: ದೃಷ್ಟಿ ಇಲ್ಲದ ಗೆಳೆಯರನ್ನು ಜೊತೆಗಾರರಾಗಿ ಕರೆದೊಯ್ಯಬಹುದೇ?

ಇಬ್ಬರು ತುಳಿಯುವ ಟ್ಯಾಂಡಮ್ ಸೈಕಲ್ಲಿನಲ್ಲಿ ಖಂಡಿತ ಸಾಧ್ಯ. ಮುಂದಿನವರು ಗುಂಡಿ, ತಿರುವು, ಬ್ರೇಕ್, ಗೇರ್ ಎಲ್ಲವನ್ನೂ ಬಾಯಲ್ಲಿ ಹೇಳುತ್ತಿರಬೇಕು, ಹೊರಡುವಾಗ ನಿಲ್ಲುವಾಗ ಎಣಿಸಬೇಕು. ಈ ಮಾತು ಕೂಡಿಬರಲು ತಿಂಗಳುಗಳ ಅಭ್ಯಾಸ ಬೇಕಾಗುತ್ತದೆ.

ಪ್ರಶ್ನೆ: ಮಹಿಳೆಯರಿಬ್ಬರೇ ಹೋಗಬಹುದೇ?

ಹೋಗಬಹುದು, ಹೋಗುತ್ತಿದ್ದಾರೆ. ತಂಗುವ ಸ್ಥಳವನ್ನು ಮೊದಲೇ ಫೋನಿನಲ್ಲಿ ಗೊತ್ತು ಮಾಡಿ, ಶೌಚಾಲಯವಿರುವ ಪೆಟ್ರೋಲ್ ಬಂಕು, ಹೋಟೆಲುಗಳನ್ನು ನಕ್ಷೆಯಲ್ಲಿ ಗುರುತಿಸಿಕೊಳ್ಳಿ. ಮುಂದಿನ ನಿಲುಗಡೆಯನ್ನು ಜಾಲತಾಣದಲ್ಲಿ ಮುಂಚಿತವಾಗಿ ಪ್ರಕಟಿಸಬೇಡಿ. ಈ ಮಾತು ಗಂಡಸರಿಗೂ ಅನ್ವಯಿಸುತ್ತದೆ.

ಪ್ರಶ್ನೆ: ಒಬ್ಬರು ನಡುದಾರಿಯಲ್ಲಿ ನಿಲ್ಲಿಸಬೇಕಾಗಿ ಬಂದರೆ?

ಇನ್ನೊಬ್ಬರು ಅವರನ್ನು ವಾಹನ ಹತ್ತಿಸುವವರೆಗೆ, ಕಾಯಿಲೆಯಾದರೆ ಮನೆಯವರ ಕೈಗೊಪ್ಪಿಸುವವರೆಗೆ, ಜೊತೆಗಿರಬೇಕು. ದಾವಣಗೆರೆ, ತುಮಕೂರು ಮುಖ್ಯ ರೈಲುಮಾರ್ಗದ ಮೇಲಿವೆ, ಚಿತ್ರದುರ್ಗ ಚಿಕ್ಕಜಾಜೂರು–ಬಳ್ಳಾರಿ ಮಾರ್ಗದಲ್ಲಿದೆ. ಸೈಕಲ್ಲನ್ನು ಪಾರ್ಸೆಲ್ ಕಚೇರಿಯಲ್ಲಿ ಬುಕ್ ಮಾಡಿ ಸಾಗಿಸಬಹುದು. ಹಿರಿಯೂರು, ಶಿರಾಗಳಿಗೆ ಇನ್ನೂ ರೈಲು ಬಂದಿಲ್ಲ, ಅಲ್ಲಿ ಬಸ್ಸಿನ ಕಂಡಕ್ಟರ್ ಒಪ್ಪಬೇಕು ಅಥವಾ ದಾವಣಗೆರೆ ಕಡೆ ಬರುವ ಲಗೇಜ್ ಗಾಡಿ ಹುಡುಕಬೇಕು. ಉಳಿದವರು ಮುಂದುವರಿಯುವುದೂ ವಾಪಸಾಗುವುದೂ ಹಾಳೆಯಲ್ಲಿ ಬರೆದುಕೊಂಡಂತೆಯೇ ನಡೆಯಲಿ. ಯಾತ್ರೆ ನಿಂತಿತೆಂಬ ಸುದ್ದಿಯನ್ನು ದಾನಿಗಳಿಗೆ ಅಂದೇ ತಿಳಿಸಬೇಕು, ಹಣ ವಾಪಸು ಬೇಕೆಂದವರಿಗೆ ಸಂಸ್ಥೆಯೊಂದಿಗೆ ಮಾತಾಡಿ ಕೊಡಿಸುವ ಹೊಣೆ ಇಬ್ಬರದೂ ಹೌದು.

ಪ್ರಶ್ನೆ: ಮುಗಿದ ಮೇಲೆ ದಾನಿಗಳಿಗೆ ಏನು ಕೊಡಬೇಕು?

ಲೆಕ್ಕ. ಹದಿನೈದು ದಿನದೊಳಗೆ ಒಂದು ಪುಟದಲ್ಲಿ: ಸಂಸ್ಥೆಯ ಖಾತೆಗೆ ನೇರ ಬಂದದ್ದು ಎಷ್ಟು, ರಸೀದಿ ಪುಸ್ತಕದಿಂದ ಬಂದದ್ದು ಎಷ್ಟು, ರಸೀದಿಯ ಮೊದಲ ಮತ್ತು ಕೊನೆಯ ಸಂಖ್ಯೆ, ರದ್ದಾದ ರಸೀದಿಗಳು, ಯಾತ್ರೆಯ ಖರ್ಚು ಎಷ್ಟು ಮತ್ತು ಅದನ್ನು ಯಾರು ಭರಿಸಿದರು ಎಂಬುದು, ಕೆಳಗೆ ಇಬ್ಬರ ಸಹಿ ಮತ್ತು ಸಂಸ್ಥೆಯ ಮುದ್ರೆ. ಹೆಸರು ಬೇಡವೆಂದ ದಾನಿಗಳ ಹೆಸರು ಬರಬಾರದು. ಹಣದಿಂದ ಕೊಂಡದ್ದರ ಬಿಲ್ಲು ಸಂಸ್ಥೆಯಿಂದ ಬಂದಾಗ, ಅದು ಆರು ತಿಂಗಳ ನಂತರವಾದರೂ, ಅದರ ಪ್ರತಿಯನ್ನೂ ಅದೇ ಜನರಿಗೆ ಕಳಿಸಿ.